ದೀಪ ಹಚ್ಚಿದ ಮೇಲೆ ಆಡಬಾರದ ಇಂಗ್ಲಿಷ್

ಲಕ್ವಾ ಹೊಡೆದ ಮೇಲೆ ಅಕ್ಕೋರ ಬಾಯಿಂದ ಬಂದ ಮೊದಲ ಮಾತು ‘ಗೆಟ್ ಔಟ್’. ಅಂದದ್ದು ನನಗೆ. ಬೆನ್ನು ಒರೆಸುವ ನೀರನ್ನು ನಾನು ಸ್ವಲ್ಪ ಹೆಚ್ಚೇ ಕಾಸಿದ್ದೆ. ಅವರ ತಮ್ಮ ಹೊರಗಿನ ಕೋಣೆಯಿಂದ ಓಡಿ ಬಂದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಸಂಜೆ ಫೇಡೆ ತಂದು ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ನನ್ನ ಕೈಗೂ ಎರಡು ಇಟ್ಟು, ‘ನಿಮ್ಮಿಂದ ಆತ್ರಿ ಇದು’ ಅಂದರು. ಹೊರಗೆ ನಡಿ ಅನ್ನಿಸಿಕೊಂಡು ಫೇಡೆ ತಿಂದವಳು ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆ ಆಗಲಿಲ್ಲ. ಗೋಪನಕೊಪ್ಪದಲ್ಲಿ ತಮ್ಮದೇ ಪಗಾರದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿ ಒಬ್ಬರೇ ಇದ್ದರು. ನಾನು ಕಮರಿಪೇಟೆಯವಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಇದ್ದು, ಸ್ನಾನ, ಊಟ, ಎಣ್ಣೆ ತಿಕ್ಕುವುದು, ಮಗ್ಗಲು ಬದಲಿಸುವುದು, ಇದನ್ನೆಲ್ಲ ಮಾಡುತ್ತೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಕನ್ನಡ ಕೂಡಿಸಿ ಓದುತ್ತೇನೆ. ಇಂಗ್ಲಿಷ್ ಅಂದರೆ ಔಷಧದ ಚೀಟಿಯ ಮೇಲಿನ ಗೀಚು, ಅಷ್ಟೇ.

ಅಕ್ಕೋರಿಗೆ ಬಲಗೈ, ಬಲಗಾಲು ಹೋಗಿದ್ದವು. ನಾವು ಕನ್ನಡದಲ್ಲಿ ಅಂದದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಬಾಯಿಗೆ ಏನೂ ಬರುತ್ತಿರಲಿಲ್ಲ. ಬಂದರೆ ಇಂಗ್ಲಿಷಿನ ಒಂದು ಚೂರು. ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು, ನನ್ನ ಸೊಸೆಯ ವಯಸ್ಸಿನವಳು. ಎಲ್ಲರೂ ಮೇಡಂ ಅನ್ನುತ್ತಿದ್ದರು, ನಾನೂ ಅಂದೆ.

‘ಅಜ್ಜಿ, ದಿನಾ ಅಭ್ಯಾಸ ನೀವ ಮಾಡಸಬೇಕು,’ ಅಂದಳು ಮೇಡಂ.

‘ನಾನಾ? ನನಗ ಬಸ್ಸು, ಬಲ್ಬು, ಬೀಪಿ ಬಿಟ್ರ ಇಂಗ್ಲಿಷ್ ಬರಂಗಿಲ್ಲವಾ.’

‘ನೀವು ಕಲಸೂದು ಬ್ಯಾಡ್ರಿ. ಅರ್ಧಾ ಮಾತು ಅಂದು ಸುಮ್ಮ ಕೂಡ್ರೂದು. ಉಳಿದರ್ಧಾ ಅವರ ಬಾಯಿಂದ ಬರಬೇಕು.’

‘ಬರದಿದ್ರ?’

‘ಕಾಯೂದು.’

‘ಎಷ್ಟೊತ್ತನಾ?’

‘ನಿಮಗ ಸಿಟ್ಟು ಬರೂ ತನಕ. ಆಮ್ಯಾಲೆ ಇನ್ನೊಂಚೂರು.’

ಕನ್ನಡ ಬಿಟ್ಟು ಇಂಗ್ಲಿಷ್ ಯಾಕೆ ಅಂತ ಕೇಳಿದೆ. ಕೆಲವರಿಗೆ ಹೀಗಾಗುತ್ತದೆ ಅಂದಳು. ‘ಜೀವಮಾನ ಕ್ಲಾಸಿನ್ಯಾಗ ಆಡಿದ ಮಾತ್ರಿ. ಯಾವ ಬಾಗಲಾ ತೆರೀತದೋ ಅದರಾಗ ಹಾದು ಒಳಗ ಹೋಗೂದು. ಕನ್ನಡದ ಬಾಗಲಾ ಆಮ್ಯಾಲೆ ತೆರೀತದ.’ ಜೊತೆಗೆ ಒಂದು ಕಟ್ಟುನಿಟ್ಟು ಹಾಕಿದಳು. ಅವರ ಬದಲು ನಾನು ಹೇಳಬಾರದು. ತಡವರಿಸಿದರೆ ತುಂಬಿ ಕೊಡಬಾರದು. ತಪ್ಪು ಹೇಳಿದರೂ ಬಾಯಿ ಹಾಕಬಾರದು.

ಕಾಯುವುದು ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು. ಎದುರಿಗೆ ಹಿರಿಯರು ಒಂದು ಶಬ್ದಕ್ಕೆ ಬೆವರುತ್ತಿದ್ದರೆ ನಾವು ಲಗೂನೆ ಕೈ ಹಿಡಿದು ಎತ್ತುವವರು. ನಾನು ಸೀರೆಯ ಸೆರಗನ್ನು ಬಾಯಿಗೆ ಕಚ್ಚಿಕೊಂಡು ಕೂಡುತ್ತಿದ್ದೆ.

ಮೊದಲ ಪಾಠ ಇಡಿಯಮ್ಮು, ಅಂದರೆ ನುಡಿಗಟ್ಟು. ಮೇಡಂ ತನ್ನ ಧ್ವನಿಯಲ್ಲಿ ಅವನ್ನೆಲ್ಲ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಳು. ರೊಟ್ಟಿ ಬಡಿಯುತ್ತ, ಮೆಂತ್ಯ ಸೋಸುತ್ತ ಕೇಳಿ ಬಾಯಿಪಾಠ ಮಾಡಿದೆ. ಸೋಬಾನೆ ಪದ ಕಲಿತದ್ದೂ ಹಾಗೆಯೇ, ಅರ್ಥ ಕೇಳದೆ. ಬಿಡಿ ಮಾತು ಕಳೆದುಕೊಂಡವರಿಗೂ ಇಡಿಯಮ್ಮು ಉಂಡೆ ಕಟ್ಟಿದ ಹಾಗೆ ಇಡಿಯಾಗಿ ಬರುತ್ತದಂತೆ. ಖರೆ. ನಾನು ‘ಒನ್ಸ್ ಇನ್ ಎ ಬ್ಲೂ’ ಅಂತ ಅಂದು ಸುಮ್ಮನಾದರೆ ಒಂದು ಗಳಿಗೆ ಬಿಟ್ಟು ‘ಮೂನ್’ ಬರುತ್ತಿತ್ತು. ‘ಬೆಟರ್ ಲೇಟ್ ದ್ಯಾನ್’ ಅಂದರೆ ‘ನೆವರ್’.

ಅರ್ಥ ಆಮೇಲೆ ಮೇಡಂ ಹೇಳುತ್ತಿದ್ದಳು, ನಾನು ತಕರಾರು ತೆಗೆಯುತ್ತಿದ್ದೆ. ಜೋರು ಮಳೆಗೆ ಬೆಕ್ಕು ನಾಯಿ ಸುರಿದವು ಅನ್ನುತ್ತಾರಂತೆ. ಬಕೆಟ್ ಒದೆಯುವುದು ಅಂದರೆ ಸಾಯುವುದಂತೆ.

‘ಬಚ್ಚಲದಾಗ ಬಕೆಟ್ ಒದ್ದು ಕಾಲಬಟ್ಟು ಮುರಕೊಂಡಾರನ್ನ ನೋಡೇನಿ,’ ಅಂದೆ. ‘ಸತ್ತಾರನ್ನ ಕಂಡಿಲ್ಲ.’

ಅಕ್ಕೋರ ಮುಖದ ಎಡಭಾಗ ನಕ್ಕಿತು. ಬಲಭಾಗಕ್ಕೆ ಇನ್ನೂ ನಗಲು ಬರುತ್ತಿರಲಿಲ್ಲ. ಆಮೇಲೆ ‘ಕ್ಯಾರಿ ಆನ್’ ಅಂದರು.

‘ಕ್ಯಾರಿ ಆನ್’ ಅವರ ಕ್ಲಾಸಿನ ಮಾತು. ಹುಡುಗಿ ಸರಿ ಓದಿದರೂ ಅದೇ, ತಪ್ಪು ಓದಿದರೂ ಅದೇ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ, ಮುಂದಿನ ಸಾಲಿಗೆ ನಡಿ ಅಂತ. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ನೋಡಲು ಬಂದಾಗ ಹೇಳಿದಳು, ಆ ಎರಡು ಶಬ್ದಕ್ಕೆ ಇಡೀ ಕ್ಲಾಸು ಹೆದರುತ್ತಿತ್ತಂತೆ. ಬೈದಿದ್ದರೆ ಮುಗಿದು ಹೋಗುತ್ತಿತ್ತು, ಅದು ಮುಗಿಯುತ್ತಲೇ ಇರಲಿಲ್ಲ ಅಂದಳು.

ಎರಡನೆಯದು ಫ್ರೇಜಲ್ ವರ್ಬು. ಅದು ನನಗೆ ಇಡಿಯಮ್ಮಿಗಿಂತ ಹಿಡಿಸಿತು, ಯಾಕೆಂದರೆ ಕೆಲಸದ ಜೊತೆ ಬರುತ್ತಿತ್ತು. ಎಬ್ಬಿಸುವಾಗ ‘ಗೆಟ್ ಅಪ್’, ಕೂಡಿಸುವಾಗ ‘ಸಿಟ್ ಡೌನ್’, ಸ್ವೆಟರ್ ಹಾಕುವಾಗ ‘ಪುಟ್ ಆನ್’, ತೆಗೆಯುವಾಗ ‘ಟೇಕ್ ಆಫ್’. ನಮ್ಮಲ್ಲಿ ಬಂದುಬಿಡು, ತಿಂದುಹಾಕು, ನೋಡಿಕೊ ಅನ್ನುವ ಹಾಗೆ ಅವರೂ ಮಾತಿಗೊಂದು ಬಾಲ ಹಚ್ಚುತ್ತಾರೆ, ಬಾಲ ಬದಲಾದರೆ ಪ್ರಾಣಿಯೇ ಬದಲು. ಒಮ್ಮೆ ಸ್ವೆಟರಿಗೆ ‘ಟರ್ನ್ ಆಫ್’ ಅಂದೆ. ಅಕ್ಕೋರು ಫ್ಯಾನಿನ ಬಟನ್ನು ನೋಡಿದರು, ಸ್ವೆಟರ್ ನೋಡಿದರು, ನನ್ನನ್ನು ನೋಡಿದರು. ಕ್ಯಾರಿ ಆನ್.

ಹೀಗೆ ಮಾತೂ ಕಾಲೂ ಒಟ್ಟಿಗೆ ಸುಧಾರಿಸಿದವು. ಎಡಗೈಯಲ್ಲಿ ಕೋಲು, ಬಲಗಡೆ ನನ್ನ ಹೆಗಲು, ಮೆಟ್ಟಿಲಿಳಿದು, ದಾಸವಾಳದ ಗಿಡ ದಾಟಿ, ಗೇಟಿನ ತನಕ ನಡೆದು ಹೋಗುತ್ತಿದ್ದರು. ಗೇಟು ಹಿಡಿದುಕೊಂಡು ನಿಂತು ರಸ್ತೆ ನೋಡುತ್ತಿದ್ದರು. ಕೊತ್ತಂಬರಿ ಮಾರುವವಳು ಹಾದರೆ ‘ಹೌ ಮಚ್’ ಅನ್ನುತ್ತಿದ್ದರು. ಅವಳೂ ಹೇಳುತ್ತಿದ್ದಳು.

ಅವರ ತಮ್ಮ ಬ್ಯಾಂಕಿನಿಂದ ನಿವೃತ್ತರು, ಧಾರವಾಡದಲ್ಲಿ ಮನೆ. ನಾನು ಸಾಹೇಬರು ಅನ್ನುತ್ತಿದ್ದೆ. ಕೆಟ್ಟವರಲ್ಲ. ಆದರೆ ಮಳೆಗಾಲ ಶುರುವಾಗುವುದರೊಳಗೆ ಒಂದು ಇತ್ಯರ್ಥ ಮಾಡುವುದಾಗಿ ಹೇಳಿದ್ದರು.

‘ಅಕ್ಕಾ, ಬ್ಲೂ ಮೂನ್ ಅಂದ್ರ ಸಾಲೂದಿಲ್ಲ,’ ಅಂದರು ಒಂದು ರವಿವಾರ. ‘ನಿನಗ ಎಲ್ಲೆ ನೋಯಲಿಕ್ಕೆ ಹತ್ತೇದ, ಯಾಕ ಇರಬಹುದು, ಅದನ್ನ ಹೇಳಲಿಕ್ಕೆ ಬರಬೇಕು. ಬಂದ್ರ ಇಲ್ಲೇ ಇರು. ಇಲ್ಲಾಂದ್ರ ನಮ್ಮ ಮನಿಗೆ ಬಾ. ಇದನ್ನ ಬಾಡಿಗಿ ಕೊಡೂಣು.’

ಅಕ್ಕೋರು ಗೋಡೆಯನ್ನು ಎಡಗೈಯಿಂದ ತಟ್ಟಿದರು. ‘ನೋ. ಮೈ ಹೌಸ್.’

ಸಾಹೇಬರು ನನ್ನ ಕಡೆ ನೋಡಿದರು. ‘ಆತು. ಈ ಅಮ್ಮಾರ ಕೈಯಾಗ ಅದ.’

ಹಾಗೆ ಅಂದಾಗ ನನಗೆ ಹೆಮ್ಮೆಯಾಯಿತು.

ಮೂರನೆಯದಕ್ಕೆ ಮೇಡಂ ಚಿತ್ರದ ಕಾರ್ಡು ತಂದಳು. ಒಂದು ಕಾರ್ಡಿನಲ್ಲಿ ಬಾಗಿಲ ಮುಂದೆ ಒದ್ದೆ ಛತ್ರಿ. ಮಳೆ ಬಂದಿರಬೇಕು ಅಂತ ಹೇಳಬೇಕು, ‘ಮಸ್ಟ್ ಹ್ಯಾವ್’. ಇನ್ನೊಂದರಲ್ಲಿ ಹೆಣ್ಣುಮಗಳು ತಾಟು ಬಡಿಸಿಟ್ಟು ಗಡಿಯಾರ ನೋಡುತ್ತಿದ್ದಾಳೆ. ಗಂಡನಿಗೆ ಬಸ್ ತಪ್ಪಿರಬಹುದು, ‘ಮೈಟ್ ಹ್ಯಾವ್’. ಮರೆತಿರಲಿಕ್ಕಿಲ್ಲ, ‘ಕಾಂಟ್ ಹ್ಯಾವ್’. ಇರಬೇಕು, ಇರಬಹುದು, ಇರಲಿಕ್ಕಿಲ್ಲ. ನಮ್ಮಲ್ಲಿ ಕಟ್ಟೆಯ ಮೇಲೆ ಕೂತ ಹೆಂಗಸರು ದಿನವಿಡೀ ಆಡುವುದೇ ಇದು, ನನಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

‘ಅಜ್ಜಿ, ಇಡಿಯಮ್ ನೆನಪಿನಿಂದ ಬರತದ,’ ಅಂದಳು ಮೇಡಂ. ‘ಇದು ವಿಚಾರ ಮಾಡಿದ್ರನ ಬರತದ. ಇದು ಬಂತಂದ್ರ ಅವರ ಮೈಯೊಳಗ ಏನರ ಹೆಚ್ಚುಕಮ್ಮಿ ಆದ್ರ ಅವರ ಹೇಳತಾರ. ಎಲ್ಲಾ ಕಾರ್ಡೂ ಮಾಡಸ್ರಿ. ಯಾವದೂ ಬಿಡಬ್ಯಾಡ್ರಿ.’

ಬೆಳಿಗ್ಗೆ ಸ್ನಾನ, ಕಸರತ್ತು, ಮಧ್ಯಾಹ್ನ ನಿದ್ದೆ. ಅಕ್ಕೋರ ತಲೆ ತಿಳಿಯಾಗುತ್ತಿದ್ದದ್ದು ಸಂಜೆ. ಹಾಗಾಗಿ ದೇವರ ಮುಂದೆ ದೀಪ ಹಚ್ಚಿ, ಅದೇ ಕೋಣೆಯಲ್ಲಿ ಅವರ ಮಂಚದ ಪಕ್ಕ ಕಾರ್ಡು ಹಿಡಿದು ಕೂಡುತ್ತಿದ್ದೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ದೀಪ ಹಚ್ಚಿದ ಹೊತ್ತಿನಲ್ಲಿ ಕೆಟ್ಟ ಮಾತು ಆಡಬಾರದು. ಆಗ ಮನೆಯ ಮೇಲೆ ದೇವತೆಗಳು ಓಡಾಡುತ್ತಿರುತ್ತಾರೆ, ಕಿವಿಗೆ ಬಿದ್ದದ್ದಕ್ಕೆ ‘ಅಸ್ತು’ ಅಂದುಬಿಡುತ್ತಾರೆ, ಹಾಗೇ ಆಗುತ್ತದೆ. ನಮ್ಮ ಮನೆಯಲ್ಲಿ ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾತು ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಹೊರಡುವವರು ಹೋಗತೇನಿ ಅನ್ನುವುದಿಲ್ಲ, ಬರತೇನಿ ಅನ್ನುತ್ತಾರೆ. ಇದು ನಮ್ಮ ಇಡಿಯಮ್ಮು. ನಲವತ್ತು ವರ್ಷ ರೋಗಿಗಳ ನಡುವೆ ಬದುಕಿದವಳು ನಾನು, ಸಾವನ್ನು ಕಂಡು ಹೆದರುವುದಿಲ್ಲ. ಸಾವಿನ ಮಾತು ಆಡುವುದಕ್ಕೆ ಮಾತ್ರ ಹೆದರುತ್ತಿದ್ದೆ.

ಕಾರ್ಡುಗಳಲ್ಲಿ ಅರ್ಧದಷ್ಟು ಕೆಟ್ಟವು. ಒಂದರಲ್ಲಿ ಮನೆ ಮುಂದೆ ಆ್ಯಂಬುಲೆನ್ಸ್. ಒಂದರಲ್ಲಿ ಬಿದ್ದ ಕೋಲು, ಪಕ್ಕದಲ್ಲಿ ಖಾಲಿ ಕುರ್ಚಿ. ಒಂದರಲ್ಲಿ ಮಂಚದ ಮೇಲೆ ರೋಗಿ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹೆಣ್ಣುಮಗಳು. ಮೊದಲ ಸಂಜೆಯೇ ಅಂಥವನ್ನೆಲ್ಲ ಆರಿಸಿ ತೆಗೆದು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಉಳಿದವಕ್ಕೂ ಒಳ್ಳೆಯ ಉತ್ತರವೇ ಬೇಕು ಅಂತ ನನ್ನದೊಂದು ಕಾನೂನು. ತಾಟು ಬಡಿಸಿಟ್ಟವಳ ಕಾರ್ಡು ಹಿಡಿದಾಗ ಅಕ್ಕೋರು ಬಹಳ ಹೊತ್ತು ನೋಡಿ, ‘ಹಿ ಮೈಟ್ ಹ್ಯಾವ್… ಆಕ್ಸಿ…’ ಅಂದರು. ಆಕ್ಸಿಡೆಂಟ್ ಅನ್ನುವ ಶಬ್ದ ಯಾರಿಗೆ ಗೊತ್ತಿಲ್ಲ? ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

‘ಹಂಗ ಅನಬಾರದ್ರಿ ಅಕ್ಕೋರ, ದೀಪ ಐತಿ. ಬಸ್ ತಪ್ಪೇತಿ ಅನ್ರಿ.’

ಅವರು ನನ್ನ ಕೈ ಸರಿಸಿದರು. ‘ಮೈಟ್,’ ಅಂದರು, ಸಿಟ್ಟಿನಿಂದ. ಆಗಿದೆ ಅನ್ನುತ್ತಿಲ್ಲ, ಆಗಿರಬಹುದು ಅನ್ನುತ್ತಿದ್ದೇನೆ ಅಂತ.

‘ಮೈಟೂ ಬ್ಯಾಡ್ರಿ. ಅವರಿಗೆ ಮೈಟ್-ಗೀಟ್ ತಿಳಿಯಂಗಿಲ್ಲ,’ ಅಂತ ನಾನು ಮೇಲೆ ಕೈ ತೋರಿಸಿದೆ.

ಕೊನೆಗೆ ‘ಮಿಸ್ಡ್ ದ ಬಸ್’ ಅಂದರು. ‘ಭೇಷ್,’ ಅಂದೆ. ಕೆಲವು ಸಂಜೆಗಳಾದ ಮೇಲೆ ನಾನು ಕೈ ಅಡ್ಡ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಅಳುವ ಮಗುವಿಗೆ ಹಸಿವಾಗಿರಬೇಕು. ಮಲಗಿದ ಮುದುಕನಿಗೆ ದಣಿವಾಗಿರಬೇಕು. ಲಗೂ ಲಗೂ ಉತ್ತರ ಬರುತ್ತಿದ್ದವು. ಬುದ್ಧಿ ಸುಧಾರಿಸುತ್ತಿದೆ ಅಂತ ನಾನು ತಿಳಿದೆ. ನನ್ನ ಮುಖ ನೋಡಿ ಉತ್ತರ ಕೊಡುವುದನ್ನು ಅವರು ಕಲಿತಿದ್ದರು, ಅಷ್ಟೇ.

ಮೇಡಂ ಬಂದಾಗ ಕೇಳಿದಳು, ‘ಎಲ್ಲಾ ಕಾರ್ಡ್ ಆದುವೇನ್ರಿ ಅಜ್ಜಿ?’

‘ಆದೂವ,’ ಅಂದೆ.

ಆಮೇಲೆ ಒಂದು ಸಂಜೆ, ಎಣ್ಣೆ ತಿಕ್ಕಲು ಕಾಲು ಹಿಡಿದಾಗ ಅಕ್ಕೋರ ಬಲ ಮೀನಖಂಡ ಉಬ್ಬಿದ್ದು ಕಂಡಿತು. ಎಡಗಾಲಿಗಿಂತ ದಪ್ಪ, ಮುಟ್ಟಿದರೆ ಬಿಸಿ. ಇಂಥ ಕಾಲು ನಾನು ಮೊದಲೊಂದು ಮನೆಯಲ್ಲಿ ನೋಡಿದ್ದೆ, ಅಲ್ಲಿ ಒಳ್ಳೆಯದಾಗಿರಲಿಲ್ಲ. ಅದನ್ನು ಬಾಯಿಗೆ ತರುವುದಿರಲಿ, ಮನಸ್ಸಿಗೂ ತಂದುಕೊಳ್ಳಲಿಲ್ಲ. ಗೇಟಿನ ತನಕ ನಡೆದದ್ದಕ್ಕೆ ಬಾವು ಬಂದಿರಬೇಕು ಅಂದುಕೊಂಡು ಎಣ್ಣೆ ಬೆಚ್ಚಗೆ ಮಾಡಿ ಇನ್ನೂ ಒತ್ತಿ ತಿಕ್ಕಿದೆ. ಆ ಹೊತ್ತಿಗೆ ಸಾಹೇಬರ ಫೋನು ಬಂತು, ‘ಎಲ್ಲಾ ಛಲೋ ಐತ್ರಿ’ ಅಂದೆ. ದೀಪ ಉರಿಯುತ್ತಿತ್ತಲ್ಲ, ಮತ್ತೇನು ಅನ್ನಲಿ.

ಮರುದಿನ ಸಂಜೆ ಬಾವು ಹೆಚ್ಚಾಗಿತ್ತು. ಎಣ್ಣೆ ಹಚ್ಚಲು ಹೋದರೆ ಅಕ್ಕೋರು ಕಾಲು ಎಳೆದುಕೊಳ್ಳಲು ನೋಡಿದರು. ಎಡಗೈಯ ಬೆರಳು ಕಾಲಿನ ಕಡೆ ತೋರಿಸಿ, ಒಂದೊಂದೇ ಶಬ್ದ ಹೊರಗೆ ದೂಡುವ ಹಾಗೆ ಅಂದರು, ‘ಇಟ್… ಮೈಟ್… ಬಿ… ಎ…’

ಕೊನೆಯ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅದು ಯಾವ ಶಬ್ದ ಅಂತ ನನಗೆ ತಿಳಿಯಬೇಕಿರಲಿಲ್ಲ. ಒಳ್ಳೆಯದಲ್ಲ ಅಂತ ಮುಖವೇ ಹೇಳುತ್ತಿತ್ತು. ಕಾಯಬೇಕಾದ ಹೊತ್ತು ಯಾವುದಾದರೂ ಇದ್ದರೆ ಅದೇ ಆಗಿತ್ತು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

‘ಹಂಗ ಅನಬಾರದ್ರಿ.’

ಕೈ ತೆಗೆದಾಗ ಅವರು ನನ್ನನ್ನು ನೋಡಿದರು. ಆ ದೃಷ್ಟಿ ಕ್ಲಾಸಿನ ಅಕ್ಕೋರದಲ್ಲ, ಮಾಸ್ತರ ಮುಂದೆ ನಿಂತ ಹುಡುಗಿಯದು. ಮೆಲ್ಲಗೆ ಅಂದರು, ‘ಮಸ್ಟ್ ಬಿ ಟೈರ್ಡ್.’

‘ಹಾಂ. ದಣದೈತಿ, ಅಷ್ಟ,’ ಅಂದೆ ನಾನು. ಮತ್ತೆ ತಿಕ್ಕಿದೆ.

ಬೆಳಕು ಹರಿಯುವಾಗ ಅವರಿಗೆ ಉಸಿರಾಡಲು ಆಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಪಕ್ಕದ ಮನೆಯವರು ಆ್ಯಂಬುಲೆನ್ಸ್ ಕರೆಸಿದರು, ನಾನು ಅಕ್ಕೋರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಆಸ್ಪತ್ರೆಯ ಡಾಕ್ಟರು ನೋಡಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕ್ಲಾಟ್, ಅದರ ಚೂರೊಂದು ಎದ್ದು ಶ್ವಾಸಕೋಶಕ್ಕೆ ಹೋಗಿದೆ ಅಂದರು. ಸಾಹೇಬರು ಧಾರವಾಡದಿಂದ ಆಗಲೇ ಬಂದು ನಿಂತಿದ್ದರು.

‘ಕಾಲು ಯಾವಾಗಿಂದ ಉಬ್ಬೇದ?’ ಅಂತ ಡಾಕ್ಟರು ನನ್ನನ್ನು ಕೇಳಿದರು.

‘ನಿನ್ನೆ ಸಂಜೀಲಿಂದ ಇರಬಹುದ್ರಿ.’

ನೋಡಿ, ಎಷ್ಟು ಚೆಂದ ಕಲಿತಿದ್ದೆ. ಮೊನ್ನೆಯೇ ಕಂಡದ್ದನ್ನು ನಿನ್ನೆ ಅಂದೆ, ಗೊತ್ತಿದ್ದದ್ದನ್ನು ಇರಬಹುದು ಅಂದೆ.

‘ಯಾರರ ತಿಕ್ಕಿದ್ರೇನು? ಹಿಂಗ ಉಬ್ಬಿದ ಕಾಲು ತಿಕ್ಕಬಾರದು. ಹೆಪ್ಪು ಸಡಲಿ ಮ್ಯಾಲೆ ಹೋಗತದ.’

‘ಎಣ್ಣಿ ಹಚ್ಚಿದ್ದೆರಿ,’ ಅಂದೆ. ಹಚ್ಚಿದ್ದಕ್ಕೂ ತಿಕ್ಕಿದ್ದಕ್ಕೂ ಇರುವ ಅಂತರ ನನಗೆ ಗೊತ್ತಿತ್ತು. ಡಾಕ್ಟರು ಬೇರೆ ರೋಗಿಯ ಕಡೆ ಹೋದರು.

ಸಾಹೇಬರು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಚಹಾ ತಂದುಕೊಟ್ಟರು. ‘ಅಳಬ್ಯಾಡ್ರಿ ಅಮ್ಮಾ,’ ಅಂದರು. ನಾನು ಅಳುತ್ತಿರಲಿಲ್ಲ. ‘ಅಕಿಗೆ ಹೇಳಲಿಕ್ಕೆ ಬಂದಿದ್ರ ಹಿಂಗ ಆಗತಿದ್ದಿಲ್ಲ. ನಿಮ್ಮದೇನು ತಪ್ಪದ ಇದರಾಗ? ಮಾತು ಬರಲಾರದಾಕಿನ್ನ ಒಬ್ಬಾಕಿನ್ನ ಇಟ್ಟದ್ದು ನನ್ನ ತಪ್ಪು. ಇಲ್ಲಿಂದ ಬಿಡಿಸಿಕೊಂಡು ಹೋದ ಮ್ಯಾಲೆ ಸಾಮಾನು ಕಟ್ಟಿ ಧಾರವಾಡಕ್ಕ ಕರಕೊಂಡು ಹೋಗತೇನಿ.’

ಆ ಚಹಾ ನಾನು ಪೂರ್ತಿ ಕುಡಿದೆ.

ಅಕ್ಕೋರು ಉಳಿದರು. ರಕ್ತ ತೆಳ್ಳಗೆ ಮಾಡುವ ಸೂಜಿ, ಆಮೇಲೆ ಗುಳಿಗೆ, ಕಾಲಿಗೆ ಬಿಗಿಯಾದ ಉದ್ದನೆಯ ಕಾಲುಚೀಲ. ಮನೆಗೆ ಬಂದಾಗ ಮಂಚದಿಂದ ಇಳಿಯಲು ಇಬ್ಬರು ಹಿಡಿಯಬೇಕಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಅವರು ಮಾತು ನಿಲ್ಲಿಸಿದ್ದರು. ನಾನು ‘ಒನ್ಸ್ ಇನ್ ಎ ಬ್ಲೂ’ ಅಂದು ಕಾಯುತ್ತಿದ್ದೆ. ಅವರು ಕಿಟಕಿ ನೋಡುತ್ತಿದ್ದರು. ಕಾದೆ, ಕಾದೆ. ಮೂನ್ ಬರಲಿಲ್ಲ.

ಸಾಹೇಬರು ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿ ತಂದು ಅಕ್ಕೋರ ಪುಸ್ತಕ ತುಂಬತೊಡಗಿದರು. ಅಕ್ಕೋರು ಅದನ್ನೂ ನೋಡುತ್ತ ಮಲಗಿದ್ದರು, ಗೋಡೆ ತಟ್ಟಲಿಲ್ಲ.

ಮೇಡಂ ಬಂದು ಏನೆಲ್ಲ ಮಾಡಿ ನೋಡಿದಳು. ಸಾಹೇಬರಿಗೆ ಕೇಳುವ ಹಾಗೆ ಅಂದಳು, ‘ಇಷ್ಟು ಹಿಂದ ಸರೀಬಾರದಾಗಿತ್ತು. ಹೊಸಾ ಲಕ್ವಾ ಆಗಿಲ್ಲ ಅಂತ ಡಾಕ್ಟರೂ ಅಂದಾರ. ಎಲ್ಲಾ ಕಾರ್ಡ್ ಮಾಡಿದ್ರು. ಯಾಕ ಅಂತ ತಿಳೀವಲ್ದು.’

ನನಗೆ ತಿಳಿದಿತ್ತು. ಬಾಯಿ ತೆರೆದಾಗಲೆಲ್ಲ ಮುಚ್ಚಿಸಿದ್ದೆ. ಕೊನೆಗೆ ಜೀವ ಹೋಗುವ ಹೊತ್ತಿನಲ್ಲೂ ಮುಚ್ಚಿಸಿದೆ. ಇನ್ನು ಯಾರ ಮುಂದೆ ಯಾಕೆ ತೆರೆಯಬೇಕು? ನಾನು ಸುಮ್ಮನಿದ್ದರೆ ಅವರು ಧಾರವಾಡಕ್ಕೆ ಹೋಗುತ್ತಿದ್ದರು, ನನ್ನ ಹೆಸರು ಕೆಡದೆ ನಾನು ಇನ್ನೊಂದು ಮನೆ ಹಿಡಿಯುತ್ತಿದ್ದೆ. ಬಾಯಿ ಇಲ್ಲದವರ ಮೇಲೆ ತಪ್ಪು ಹೊರಿಸುವುದು ಬಹಳ ಸಸಾರ.

ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ಸರಿಸಿದೆ. ಕಾರ್ಡುಗಳ ಮೇಲೆ ಹಿಟ್ಟು ಕೂತಿತ್ತು. ಸೆರಗಿನಿಂದ ಒರೆಸಿ ತಂದು ಮೇಡಂ ಮುಂದೆ ಇಟ್ಟೆ.

‘ಇವು ಮಾಡಸಿಲ್ಲವಾ. ಆದೂ ಅಂದದ್ದು ಸುಳ್ಳ.’

ಎಲ್ಲ ಹೇಳಿದೆ. ಬಸ್ ತಪ್ಪಿದ್ದು, ಕೈ ಅಡ್ಡ ಹಿಡಿದದ್ದು, ಎಣ್ಣೆ, ‘ಇಟ್ ಮೈಟ್ ಬಿ ಎ’ ಅಂದದ್ದು. ಸಾಹೇಬರ ಕೈಯಲ್ಲಿ ಒಂದು ದಪ್ಪ ಡಿಕ್ಷನರಿ ಇತ್ತು. ಅದನ್ನು ಹಿಡಿದುಕೊಂಡೇ ನಿಂತರು.

‘ಅಕಿ ಹೇಳಿದ್ಲು?’

‘ಹೇಳಿದ್ರಿ.’

‘ಹೇಳಲಿಕ್ಕೆ ಬಂದಾಗ ಅಕಿ ಬಾಯಿ ನೀವು ಮುಚ್ಚಿಸಿದ್ರಿ.’

‘ಹೌದ್ರಿ.’

‘ಯಾಕ? ಮ್ಯಾಲಿನವರು ಅಸ್ತು ಅಂತಾರಂತ?’

‘ಹೌದ್ರಿ.’

‘ಅಕಿ ಅನಲಿಲ್ಲ. ಅವರೂ ಅಸ್ತು ಅನಲಿಲ್ಲ. ಆದ್ರೂ ಆತಲ್ಲರಿ.’

‘ನಾಳೆ ಕೆಲಸಾ ಬಿಡಸ್ರಿ ಸಾಹೇಬ್ರ ನನ್ನ,’ ಅಂದೆ. ‘ಇವತ್ತ ಈ ಕಾರ್ಡ್ ಮಾಡಸ್ತೇನಿ. ಅವರಿಗೆ ಮಾತು ಬರತೈತಿ. ನೀವ ಕೂತು ಕೇಳ್ರಿ.’

‘ದೀಪದ ಹೊತ್ತಾತಲ್ರಿ,’ ಅಂದರು ಸಾಹೇಬರು. ಚುಚ್ಚಿಯೇ ಅಂದದ್ದು.

‘ಅದಕ್ಕನ.’

ದೀಪ ಹಚ್ಚಿದೆ. ಎರಡು ಕಡ್ಡಿ ಕೆಟ್ಟವು. ಮಂಚದ ಪಕ್ಕ ಕೂತು ಆ್ಯಂಬುಲೆನ್ಸಿನ ಕಾರ್ಡು ಎತ್ತಿ ಹಿಡಿದು ಕೇಳಿದೆ, ‘ವಾಟ್ ಮೈಟ್ ಹ್ಯಾವ್ ಹ್ಯಾಪನ್ಡ್, ಅಕ್ಕೋರ?’ ಕೇಳಿ ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಅವರು ಕಾರ್ಡು ನೋಡಲಿಲ್ಲ, ನನ್ನ ಕೈ ಎಲ್ಲಿದೆ ಅಂತ ನೋಡಿದರು.

ಕಾದೆ. ಸಿಟ್ಟು ಬರುವ ತನಕ ಕಾಯಬೇಕು ಅಂದಿದ್ದಳಲ್ಲ ಮೇಡಂ, ಆ ದಿನ ನನಗೆ ಬರಲಿಲ್ಲ, ಸಾಹೇಬರಿಗೆ ಬಂತು. ಏನೋ ಅನ್ನಲು ಬಾಯಿ ತೆರೆದರು, ಮೇಡಂ ಬೆರಳು ಎತ್ತಿದಳು. ಹೊರಗೆ ಯಾವುದೋ ಗಾಡಿ ಹಾರ್ನ್ ಹಾಕಿ ಹೋಯಿತು. ಬತ್ತಿ ಚಟಚಟ ಅಂದಿತು.

‘ಹಿ ಮೈಟ್,’ ಅಂದರು ಅಕ್ಕೋರು. ಮಾತು ತಡೆದರು. ನನ್ನ ಕೈ ಎದ್ದಿತೇ ಅಂತ ನೋಡಿದರು. ‘ಹ್ಯಾವ್ ಡೈಡ್.’

ನಾನು ಮಿಸುಕಾಡಲಿಲ್ಲ. ಒಳಗೊಳಗೇ ದೇವರಿಗೆ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ. ಸಾಹೇಬರು ಪುಸ್ತಕದ ಡಬ್ಬಿಯ ಮೇಲೆ ಕೂತುಬಿಟ್ಟರು.

ಮುಂದಿನ ಕಾರ್ಡು, ಮಂಚದ ಮೇಲೆ ರೋಗಿ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತವಳು. ನಾನು ಆರಿಸಿದ್ದಲ್ಲ, ಅದೇ ಮೇಲೆ ಬಂತು. ಅಕ್ಕೋರು ಈ ಸಲ ಕಾರ್ಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಣೆಯಲ್ಲಿ ಬೆವರು ಮೂಡಿತು. ಒರೆಸಬೇಕು ಅನ್ನಿಸಿತು, ಕೈ ತೆಗೆಯಲಿಲ್ಲ.

‘ಶಿ,’ ಅಂದರು. ‘ಶಿ ಕಾಂಟ್… ಹ್ಯಾವ್… ನೋನ್.’

ಅವಳಿಗೆ ಗೊತ್ತಿರಲಿಕ್ಕಿಲ್ಲ.

ಮೇಡಂ ಉಸಿರು ಬಿಟ್ಟಿದ್ದು ಕೇಳಿಸಿತು. ಯಾವ ಇಡಿಯಮ್ಮಿನಿಂದಲೂ ಬಂದ ಮಾತಲ್ಲ ಅದು. ತಾವೇ ವಿಚಾರ ಮಾಡಿ ಕಟ್ಟಿದ್ದು. ಸಾಹೇಬರಿಗೂ ತಿಳಿಯಿತು. ಅವರು ನನ್ನ ಕಡೆ ನೋಡಿದ ರೀತಿ ಸ್ವಲ್ಪ ಮೆತ್ತಗಾಗಿತ್ತು. ಎಲ್ಲರೂ ಅಲ್ಲಿಗೇ ಬಿಡಲು ತಯಾರಿದ್ದರು. ಅಕ್ಕೋರು ಅಂದ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ನಾನೂ ಏಳಬಹುದಿತ್ತು.

ಎಡಗಾಲಿಗಿಂತ ದಪ್ಪ ಇತ್ತು ಆ ಕಾಲು. ಬಿಸಿ ಇತ್ತು.

‘ನೋ, ಅಕ್ಕೋರ,’ ಅಂದೆ. ‘ಕಾಂಟ್ ಅಲ್ರಿ. ಗೊತ್ತಿತ್ತು. ಹಿಂದಿನ ದಿನಾನ ನೋಡಿದ್ದೆ. ಕೆಟ್ಟದ್ದ ಐತಿ ಅಂತ ಅನಸಿತ್ತು. ಅನಸಿನೂ ತಿಕ್ಕಿದೆ.’

ಅಕ್ಕೋರು ನನ್ನನ್ನು ನೋಡುತ್ತಲೇ ಇದ್ದರು. ಬೈಯುತ್ತಾರೆ ಅಂದುಕೊಂಡೆ. ಮೊದಲಿನ ಹಾಗೆ ಗೆಟ್ ಔಟ್ ಅಂದರೆ ಎದ್ದು ಚೀಲ ತೆಗೆದುಕೊಂಡು ಕಮರಿಪೇಟೆಯ ಬಸ್ ಹಿಡಿಯುವುದು ಅಂತ ಕಾಲು ಸರಿ ಮಾಡಿಕೊಂಡೆ. ಅವರು ಕಣ್ಣು ಮುಚ್ಚಿದರು, ತೆರೆದರು, ನನ್ನ ಮಡಿಲಲ್ಲಿದ್ದ ಉಳಿದ ಕಾರ್ಡುಗಳನ್ನು ನೋಡಿದರು.

‘ಕ್ಯಾರಿ ಆನ್,’ ಅಂದರು.

ಮುಂದಿನ ಕಾರ್ಡು ಎತ್ತಿದೆ.

ಸಾಹೇಬರು ಪುಸ್ತಕಗಳನ್ನು ಕಪಾಟಿಗೆ ತಿರುಗಿ ಇಟ್ಟರು. ಖಾಲಿ ಡಬ್ಬಿಗಳನ್ನು ಮಾತ್ರ ಬಾಗಿಲ ಹಿಂದೆ ಮಡಚಿ ಇಟ್ಟಿದ್ದಾರೆ, ಬೀಸಾಡಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು. ಅದು ಸರಿಯೇ. ನನ್ನನ್ನು ಕೆಲಸದಿಂದ ಬಿಡಿಸುತ್ತೇನೆ ಅಂತ ಒಂದೆರಡು ಸಲ ಹೊರಟರು, ಅಕ್ಕೋರು ಗೋಡೆ ತಟ್ಟಿದರು.

ಈಗ ದಿನಾ ದೀಪ ಹಚ್ಚಿದ ಮೇಲೆ ತಲೆಯಿಂದ ಕಾಲಿನ ತನಕ ಒಂದೊಂದನ್ನೇ ಮುಟ್ಟಿ ಕೇಳುತ್ತೇನೆ, ‘ವಾಟ್ ಮೈಟ್ ಬಿ ರಾಂಗ್?’ ಅಕ್ಕೋರು ಬಾಯಿಗೆ ಬಂದ ಕ್ಯಾನ್ಸರು, ಲಕ್ವಾ, ಹಾರ್ಟ್ ಅಟ್ಯಾಕು ಎಲ್ಲ ಅನ್ನುತ್ತಾರೆ. ಕೆಲವು ಸಲ ನನ್ನನ್ನು ಹೆದರಿಸಲೆಂದೇ ಅನ್ನುತ್ತಾರೆ, ಎಡಗಡೆ ತುಟಿ ಹೇಳಿಬಿಡುತ್ತದೆ. ನಾನು ಕೇಳಿಸಿಕೊಂಡು ಕೂಡುತ್ತೇನೆ. ಕಾಲು ಹಿಡಿದು ನೋಡುತ್ತೇನೆ, ತಿಕ್ಕುವುದಿಲ್ಲ. ಈ ನಡುವೆ ಕನ್ನಡವೂ ಬರತೊಡಗಿದೆ, ಮೊದಲು ಬಂದದ್ದು ‘ನೀರು’.

ಅವರು ಮೊದಲು ಗೇಟಿನ ತನಕ ನಡೆಯುತ್ತಿದ್ದರು. ಈಗ ದಾಸವಾಳದ ಗಿಡದ ತನಕ ಹೋಗಿ ನಿಲ್ಲುತ್ತಾರೆ, ದಮ್ಮು ಹತ್ತುತ್ತದೆ. ಕೊತ್ತಂಬರಿಯವಳು ಗೇಟಿನಾಚೆ ಹಾದು ಹೋಗುತ್ತಾಳೆ. ಅಕ್ಕೋರು ನನ್ನ ಹೆಗಲಿಗೆ ಒರಗಿಕೊಂಡು ಆ ಉಳಿದ ನಾಲ್ಕು ಹೆಜ್ಜೆ ನೆಲವನ್ನು ನೋಡುತ್ತಾರೆ. ನಾನೂ ನೋಡುತ್ತೇನೆ.